ಮಗಳ ನಿದ್ದೆಗೊಂದು ಪಾಳಿ

ಇವತ್ತು ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ. ತೆಳ್ಳೇವು, ಅಂದರೆ ತೆಳುದೋಸೆ, ಎರೆದೆ, ನಾಲ್ಕು ಮಗಳ ಡಬ್ಬಿಗೆ, ಎರಡು ತಟ್ಟೆಗೆ, ಪಕ್ಕಕ್ಕೆ ಜೋನಿಬೆಲ್ಲ. ಅವಳಿಗೆ ಜಡೆ ಹಾಕಿದೆ. ಎಡಗಡೆಯ ಜಡೆ ಇವತ್ತೂ ಬಲಗಡೆಯದಕ್ಕಿಂತ ಒಂದು ಬೆರಳು ಮೇಲೆ ನಿಂತಿತು. ಶಾಲೆಗೆ ಬಿಟ್ಟು ಬಂದು ಎರಡು ಚಾದರ ಒಗೆದು ಒಣಹಾಕಿದೆ. ಮೂರು ಕೊಪ್ಪರಿಗೆಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಹನ್ನೊಂದು ಗಂಟೆಗೆ ನನ್ನ ಜೊತೆ ಹದಿನಾಲ್ಕು ವರ್ಷ ಒಲೆಯ ಮುಂದೆ ನಿಂತವನು ಗಾಡಿ ತಂದ. ಕೊಪ್ಪರಿಗೆ, ಮಗುಚುವ ಹುಟ್ಟು, ದೊಡ್ಡ ಬಾಣಲೆ, ಕಾಯಿ ತುರಿಯುವ ಹೆರೆಮಣೆ ಎಲ್ಲವನ್ನೂ ಇಬ್ಬರೂ ಸೇರಿ ಏರಿಸಿದೆವು. ಅವನು ಗಾಡಿಯ ಹಿಂದಿನ ಬಾಗಿಲು ಹಾಕಿ, ಹೆಗಲ ಮೇಲಿನ ಟವೆಲಿನಿಂದ ಬಾಗಿಲನ್ನೇ ಒರೆಸುತ್ತ ಸ್ವಲ್ಪ ಹೊತ್ತು ನಿಂತ. ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ಹೋಗಿ ಯಲ್ಲಾಪುರದ ಬಸ್ಸಿನಿಂದ ಅತ್ತಿಗೆಯನ್ನು ಕರೆತಂದೆ. ಅತ್ತಿಗೆ ಎಂದರೆ ನನ್ನ ಹೆಂಡತಿಯ ಅಕ್ಕ. ಮಗಳ ಬಟ್ಟೆ ತುಂಬಿಕೊಂಡು ಹೋಗಲು ಖಾಲಿ ಬ್ಯಾಗು ತಂದಿದ್ದರು.

ಇಷ್ಟು ಇವತ್ತಿನ ಕೆಲಸ. ಇದು ಅರ್ಥವಾಗಬೇಕಾದರೆ ಹಿಂದಿನ ಆರು ತಿಂಗಳನ್ನು ಹೇಳಬೇಕು.

ನಾನು ಅಡುಗೆಯವನು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮದುವೆ, ಮುಂಜಿ, ತಿಥಿಗಳ ಅಡುಗೆ ಹಿಡಿಯುವುದು ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ. ಶಿರಸಿ ಪೇಟೆಯಲ್ಲಿ ಒಂದು ಹಿಟ್ಟಿನ ಗಿರಣಿಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿ ನಾವು ಮೂರು ಜನ ಇದ್ದೆವು.

ವೈಶಾಖದ ಒಂದು ರಾತ್ರಿ ಮಲಗಿದ ನನ್ನ ಹೆಂಡತಿ ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿದೆ, ರಾತ್ರಿ ಎರಡು ಗಂಟೆಯ ಸುಮಾರಿಗೆ ಇರಬೇಕು ಎಂದರು ಡಾಕ್ಟರು. ಅವಳಿಗೆ ನಲವತ್ತೊಂದು. ಪಕ್ಕದಲ್ಲಿ ಮಲಗಿದ್ದವಳು ಹನ್ನೊಂದು ವರ್ಷದ ಮಗಳು ಒಬ್ಬಳೇ. ನಾನು ಯಲ್ಲಾಪುರದಲ್ಲಿ ಮದುವೆಯ ಅಡುಗೆಯಲ್ಲಿದ್ದೆ.

ಶಾಲೆಗೆ ಬೇಸಿಗೆ ರಜೆ. ಮಗಳು ಏಳು ಗಂಟೆಗೆ ಎದ್ದಾಗ ಆಯಿ, ಅಂದರೆ ಅವಳ ಅಮ್ಮ, ಇನ್ನೂ ಮಲಗಿದ್ದಳು. ಹಿಂದಿನ ದಿನ ಸುಸ್ತು ಎನ್ನುತ್ತಿದ್ದಳಲ್ಲ, ಮಲಗಲಿ ಎಂದು ಮಗಳು ಸದ್ದಾಗದಂತೆ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳಂತೆ. ತಾನೇ ಹಾಲು ಕುಡಿದಳಂತೆ. ಗಿರಣಿಯ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿಗೆ ಹೋಗಿ, ‘ಆಯಿ ಮಲಗಿದ್ದಾಳೆ, ಸ್ವಲ್ಪ ತಡೆದು ಗಿರಣಿ ಹಚ್ಚಿ’ ಎಂದಳಂತೆ. ಗಿರಣಿ ನಡೆಸುವ ಅಕ್ಕ ಒಂಬತ್ತು ಗಂಟೆಯವರೆಗೆ ಹಚ್ಚಲಿಲ್ಲ. ಇಷ್ಟು ಹೊತ್ತು ಮಲಗುವ ಹೆಂಗಸಲ್ಲವಲ್ಲ ಎಂದು ಆಮೇಲೆ ತಾವೇ ಒಳಗೆ ಬಂದು ನೋಡಿದರು. ನನಗೆ ಫೋನು ಬಂದಾಗ ಹೋಳಿಗೆಯ ಹೂರಣ ಒಲೆಯ ಮೇಲಿತ್ತು.

ಹದಿಮೂರು ದಿನ ಮನೆಯ ತುಂಬ ಜನ. ಅವರೆಲ್ಲ ಹೋದ ಮೇಲೆ ಮಗಳಿಗೆ ನಿದ್ದೆ ಇಲ್ಲದಿರುವುದು ಗೊತ್ತಾಯಿತು. ಒಂಬತ್ತಕ್ಕೆ ಮಲಗುತ್ತಿದ್ದಳು. ಹತ್ತಕ್ಕೆ ನೀರು ಕುಡಿಯಲು ಏಳುತ್ತಿದ್ದಳು. ಹನ್ನೊಂದಕ್ಕೆ ‘ಗಂಟೆ ಎಷ್ಟು?’ ಎಂದು ಕೇಳುತ್ತಿದ್ದಳು. ಅಲ್ಲಿಂದ ಮುಂದಿನದು ನನಗೆ ಗೊತ್ತಿಲ್ಲ, ಯಾಕೆಂದರೆ ನಾನು ನಿದ್ದೆ ಹೋಗುತ್ತಿದ್ದೆ. ಅಡುಗೆಯವರಿಗೆ ಅದೊಂದು ಅಭ್ಯಾಸ. ಅರ್ಧ ತಾಸು ಸಿಕ್ಕರೆ ತೆಂಗಿನಕಾಯಿ ಚೀಲಕ್ಕೆ ಒರಗಿಯಾದರೂ ಮಲಗಿಬಿಡುತ್ತೇವೆ. ಕೊಪ್ಪರಿಗೆ ಉರುಳಿದರೂ ಏಳದವನು ಎಂದು ಹೆಂಡತಿ ನನ್ನನ್ನು ಹಂಗಿಸುತ್ತಿದ್ದಳು. ಅವಳು ಹೋದ ಮೇಲೂ ನನಗೆ ನಿದ್ದೆ ಬರುತ್ತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರುತ್ತಿತ್ತು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ತಿಂಗಳೊಳಗೆ ಟೀಚರು ಪುಸ್ತಕದಲ್ಲಿ ಬರೆದು ಕಳಿಸಿದರು, ಹುಡುಗಿ ತರಗತಿಯಲ್ಲಿ ಮಲಗುತ್ತಾಳೆ ಎಂದು. ಬೆಂಚಿನ ಮೇಲೆ ತಲೆಯಿಟ್ಟರೆ ಎರಡು ಪೀರಿಯಡ್ ಏಳುವುದಿಲ್ಲವಂತೆ. ಕಣ್ಣಿನ ಕೆಳಗೆ ಕಪ್ಪಾಯಿತು. ಕೆನ್ನೆ ಒಳಗೆ ಹೋಯಿತು. ಶ್ರಾವಣದಲ್ಲಿ ಅತ್ತಿಗೆ ಬಂದು ಅವಳ ಮುಖ ನೋಡಿದವರೇ ನನ್ನನ್ನು ಹೊರಗೆ ಕರೆದರು.

“ಭಾವ, ಸಿಟ್ಟು ಮಾಡಡಿ. ಈ ಕೂಸು ಹೀಂಗಾದ್ರೆ ಉಳಿತಿಲ್ಲೆ. ಯಂಗ್ಳ ಮನೆಲ್ಲಿ ಎರಡು ಹೆಣ್ಣು ಮಕ್ಕ ಇದ್ದ. ಅವರ ಒಟ್ಟಿಗೆ ಬೆಳೀಲಿ.”

“ನಾಕು ದಿನ ಹೋದ್ರೆ ಸಮಾ ಆಗ್ತು ಅತ್ತಿಗೆ.”

“ಮದುವೆ ಶುರುವಾದ್ಮೇಲೆ? ತಿಂಗಳಿಗೆ ಹದಿನೈದು ರಾತ್ರಿ ನಿಂಗ ಹೊರಗೆ. ಇದು ಇಲ್ಲಿ ಯಾರ ಮುಖ ನೋಡ್ತಾ ಕೂರವು?”

ಅವರ ಲೆಕ್ಕ ಸರಿಯಿತ್ತು. ಚಾತುರ್ಮಾಸದಲ್ಲಿ ಮದುವೆಗಳಿಲ್ಲ. ತುಳಸಿ ಮದುವೆ ಕಳೆದರೆ ಶುರು. ಆಮೇಲೆ ಮಳೆಗಾಲದವರೆಗೆ ನಾನು ಮನೆಯಲ್ಲಿ ಮಲಗುವುದೇ ಅಪರೂಪ. ಕೊನೆಗೆ ಅತ್ತಿಗೆಯೇ ಗಡುವು ಇಟ್ಟರು. ತುಳಸಿ ಮದುವೆಯೊಳಗೆ ಮಗಳಿಗೆ ನಿದ್ದೆ ಬಂದರೆ ಸರಿ. ಇಲ್ಲದಿದ್ದರೆ ಯಲ್ಲಾಪುರಕ್ಕೆ ಕರೆದುಕೊಂಡು ಹೋಗುತ್ತಾರೆ, ಅಲ್ಲಿಯೇ ಶಾಲೆಗೆ ಹಾಕುತ್ತಾರೆ.

ಹೆಂಡತಿ ಹೋದಳು, ಇನ್ನು ಮಗಳೂ ಹೋದರೆ ಆ ಎರಡು ಕೋಣೆಯಲ್ಲಿ ನಾನು ಯಾರಿಗೆ ಬೇಯಿಸಲಿ ಎಂಬುದೊಂದೇ ನನ್ನ ತಲೆಯಲ್ಲಿ ಉಳಿಯಿತು.

ಅಡುಗೆಯವನಿಗೆ ಗೊತ್ತಿರುವುದು ಅಡುಗೆ. ಮೊದಲು ಅಪ್ಪೆಹುಳಿ ಮಾಡಿದೆ. ಉಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿಯನ್ನು ಕಿವುಚಿ, ನೀರು ಹಾಕಿ, ಇಂಗು-ಮೆಣಸಿನ ಒಗ್ಗರಣೆ ಕೊಟ್ಟ ತೆಳ್ಳಗಿನ ಹುಳಿ ಅದು. ನಮ್ಮ ಕಡೆಯ ಊಟದಲ್ಲಿ ಅದನ್ನು ಎರಡು ಲೋಟ ಕುಡಿದವರು ಕೈ ತೊಳೆಯುವ ಮೊದಲೇ ತೂಕಡಿಸುತ್ತಾರೆ. ಚಪ್ಪರದಲ್ಲಿ ಸಾಲಾಗಿ ಮಲಗಿದ ಜನರನ್ನು ದಾಟಿಕೊಂಡು ನಾನು ಪಾತ್ರೆ ಸಾಗಿಸಿದ್ದೇನೆ. ಇಷ್ಟು ಜನರನ್ನು ಮಲಗಿಸಿದವನಿಗೆ ಒಂದು ಮಗು ಯಾವ ಲೆಕ್ಕ ಎಂದುಕೊಂಡೆ. ಮೂರು ರಾತ್ರಿ ಕುಡಿಸಿದೆ. ನಾಲ್ಕನೆಯ ರಾತ್ರಿ ಅವಳಿಗೆ ಹೊಟ್ಟೆನೋವು. ಆಮೇಲೆ ಗಸಗಸೆ ಪಾಯಸ. ಒಂದು ವಾರವಾದ ಮೇಲೆ ಅವಳು, “ಅಪ್ಪಾ, ದಿನಾ ತಿಥಿ ಊಟ ಮಾಡ್ದಾಂಗೆ ಆಗ್ತು” ಎಂದಳು. ಅದನ್ನೂ ಬಿಟ್ಟೆ.

ಗಿರಣಿಯ ಅಕ್ಕ ಬನವಾಸಿ ಕಡೆಯವರು. ನನ್ನ ಪ್ರಯೋಗಗಳನ್ನು ಕೇಳಿ ಹಿಟ್ಟಿನ ಕೈಯನ್ನೇ ಬಾಯಿಗೆ ಹಿಡಿದುಕೊಂಡು ನಕ್ಕರು. ನಮ್ಮ ಮನೆಯ ವಿಷಯಕ್ಕೆ ಅವರು ನಕ್ಕದ್ದು ಎಷ್ಟೋ ದಿನಗಳ ಮೇಲೆ.

“ಭಟ್ರ, ಮದಿವಿ ಮನ್ಯಾಗ ಮಂದಿ ಮಲಗೋದು ನಿಮ್ಮ ಹುಳಿಯಿಂದ ಅಲ್ರೀ. ಆರಾರು ಹೋಳಿಗಿ ತಿಂದಿರ್ತಾರ, ಏಳಾಕ ಬರಂಗಿಲ್ಲ, ಅದಕ್ಕ ಮಲಗ್ತಾರ.”

“ಮತ್ತೆ ಏನು ಮಾಡೋದು ಅಕ್ಕ?”

“ಅಂಗಾಲಿಗೆ ತುಪ್ಪ ಹಚ್ಚಿ ಕಂಚಿನ ಬಟ್ಟಲಿಂದ ತಿಕ್ಕರಿ. ನಮ್ಮವ್ವ ನಮಗ ಹಂಗ ಮಾಡ್ತಿದ್ಲು.”

ಹಾಗೆಯೇ ಮಾಡಿದೆ. ಬಟ್ಟಲಿನ ತಳ ಕಪ್ಪಾಗುವವರೆಗೆ ಅಂಗಾಲು ತಿಕ್ಕಿದೆ. ಮಗಳಿಗೆ ಅದು ಇಷ್ಟವಾಯಿತು. ಕಣ್ಣು ಮುಚ್ಚಿ ಹಾಯಾಗಿ ಮಲಗಿರುತ್ತಿದ್ದಳು. ನಾನು ಬಟ್ಟಲನ್ನು ಬದಿಗಿಟ್ಟು ದೀಪ ಆರಿಸಿದೊಡನೆ ಕಣ್ಣು ಬಿಡುತ್ತಿದ್ದಳು.

ಭಾದ್ರಪದದಲ್ಲಿ ಸಿದ್ದಾಪುರದ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಸ್ಸು ಕಾನಸೂರು ತಲುಪುವುದರೊಳಗೆ ಮಗಳು ನನ್ನ ತೋಳಿಗೆ ಒರಗಿ ಅಕ್ಕಿಯ ಚೀಲದಂತೆ ನಿದ್ದೆ ಹೋಗಿದ್ದಳು. ಕಂಡಕ್ಟರು ಎತ್ತರದ ದನಿಯಲ್ಲಿ ಕೂಗುತ್ತಿದ್ದ, ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಜಗಳಕ್ಕೆ ಹತ್ತಿರದ ಮಾತಾಡುತ್ತಿದ್ದರು. ಅವಳಿಗೆ ಎಚ್ಚರವೇ ಇಲ್ಲ. ರಾತ್ರಿ ನಿದ್ದೆಗೆಟ್ಟದ್ದಕ್ಕೆ ಹೀಗೆ ಎಂದುಕೊಂಡೆ. ಮುಂದಕ್ಕೆ ಯೋಚಿಸಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತ್ರೆ ಕೊಡಲಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಟ್ಟರು: ದಿನಾ ಅದೇ ಹೊತ್ತಿಗೆ ಮಲಗಬೇಕು, ಅದೇ ಹೊತ್ತಿಗೆ ಏಳಬೇಕು. ಸಂಜೆಯ ಮೇಲೆ ಚಹಾ ಇಲ್ಲ, ಮೊಬೈಲು ಇಲ್ಲ. ಕೋಣೆ ಕತ್ತಲೆಯಿರಲಿ, ಸದ್ದಿಲ್ಲದಿರಲಿ. ನಿದ್ದೆ ಬರದಿದ್ದರೆ ಹೊರಳಾಡುತ್ತ ಇರುವುದು ಬೇಡ. ಎದ್ದು ಏನಾದರೂ ಬೇಸರದ ಕೆಲಸ ಮಾಡಿ ಮತ್ತೆ ಮಲಗಬೇಕು. ಗಡಿಯಾರ ಕಣ್ಣಿಗೆ ಬೀಳಬಾರದು.

“ನೀವು ಹೇಗೆ ನಿದ್ದೆ ಮಾಡ್ತೀರಿ?” ಎಂದು ನನ್ನನ್ನೂ ಕೇಳಿದರು.

“ನನಗೇನೂ ತೊಂದರೆ ಇಲ್ಲ.”

ಮಗಳು ನನ್ನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹಾಲು ಉಕ್ಕುತ್ತದೋ ಎಂದು ಪಾತ್ರೆಯನ್ನು ನೋಡುವವರು ಹಾಗೆ ನೋಡುತ್ತಾರೆ.

ಚೀಟಿಯಲ್ಲಿದ್ದುದನ್ನು ಒಂದನ್ನೂ ಬಿಡದೆ ಮಾಡಿದೆ. ಗಡಿಯಾರವನ್ನು ಅಡುಗೆ ಕೋಣೆಗೆ ಸಾಗಿಸಿದೆ. ಕಿಟಕಿಗೆ ದಪ್ಪ ಚಾದರ ಕಟ್ಟಿದೆ. ಬೇಸರದ ಕೆಲಸಕ್ಕೆ ಕೊತ್ತಂಬರಿ ಕಾಳು ಹಸನು ಮಾಡಲು ಕೊಟ್ಟೆ. ಎರಡು ವಾರದಲ್ಲಿ ಮೂರು ಡಬ್ಬ ಕೊತ್ತಂಬರಿ ಹಸನಾಯಿತು. ಕೋಣೆ ಎಷ್ಟು ಕತ್ತಲೆಯಾಯಿತೋ, ಎಷ್ಟು ಸದ್ದಡಗಿತೋ, ಅವಳು ಅಷ್ಟೇ ಎಚ್ಚರವಾಗಿರುತ್ತಿದ್ದಳು.

ದಸರಾ ರಜೆಯಲ್ಲಿ ಹೆಗ್ಗರಣೆಯ ಹತ್ತಿರ ಒಂದು ಮನೆಯಲ್ಲಿ ನವರಾತ್ರಿಯ ದೊಡ್ಡ ಊಟ. ಹಿಂದಿನ ಸಂಜೆಯೇ ಹೋಗಬೇಕು. ಮಗಳನ್ನು ಬಿಡಲು ಜಾಗವಿಲ್ಲದೆ ಜೊತೆಗೇ ಕರೆದುಕೊಂಡು ಹೋದೆ. ಒಲೆಗಳ ಎದುರಿಗೆ, ಕಾಯಿ ಹೆರೆಯುವವರ ಪಕ್ಕದಲ್ಲಿ, ಗೋಣಿಚೀಲದ ಮೇಲೆ ಒಂದು ಕಂಬಳಿ ಹಾಸಿ ಕೂರಿಸಿದೆ. ನಮ್ಮ ಏಳು ಜನರ ಗಲಾಟೆ ಸಣ್ಣದಲ್ಲ. ಒಬ್ಬ ತರಕಾರಿ ಕೊಚ್ಚುತ್ತಾನೆ, ಒಬ್ಬ ಕಡಲೆಹಿಟ್ಟು ಜರಡಿ ಹಿಡಿಯುತ್ತಾನೆ, ಒಬ್ಬ ಇಬ್ಬರಿಗೂ ಬುದ್ಧಿ ಹೇಳುತ್ತಾನೆ. ಎಂಟೂವರೆಗೆ ತಿರುಗಿ ನೋಡಿದರೆ ಮಗಳು ಕಂಬಳಿಯ ಮೇಲೆ ಉರುಳಿ ನಿದ್ದೆ ಮಾಡುತ್ತಿದ್ದಾಳೆ. ಬಾಯಿ ಅರ್ಧ ತೆರೆದಿದೆ.

ಎಲ್ಲರಿಗೂ ಅವಳ ಸಂಗತಿ ಗೊತ್ತಿತ್ತು. ಕಾಯಿ ಹೆರೆಯುವವನು ಕೈ ನಿಲ್ಲಿಸಿ ಪಿಸುಗುಟ್ಟಿದ: “ಹುಷ್, ಕೂಸು ಮಲಗಿದ್ದು. ಮೆಲ್ಲಗೆ.” ಕತ್ತಿಗಳು ನಿಂತವು. ಮಾತು ನಿಂತಿತು. ಒಲೆಯ ಉರಿ ಬಿಟ್ಟರೆ ಬೇರೆ ಸದ್ದಿಲ್ಲ. ಅಷ್ಟಕ್ಕೇ ಮಗಳು ಕಣ್ಣು ಬಿಟ್ಟಳು, ಎದ್ದು ಕೂತು ಒಬ್ಬೊಬ್ಬರ ಮುಖವನ್ನೂ ನೋಡತೊಡಗಿದಳು.

ನನಗೆ ಏನೋ ಹೊಳೆದಂತಾಯಿತು. “ಮಾತಾಡ್ರೋ,” ಎಂದೆ. “ಎಂತಾದ್ರೂ ಮಾತಾಡಿ.”

“ಎಂತ ಮಾತಾಡದು ಭಟ್ರೆ?”

“ಎಂತದಾದ್ರೂ.”

“ಹಂಗಾದ್ರೆ ಕಳೆದ ವರ್ಷ ಪಾಯಸಕ್ಕೆ ಉಪ್ಪು ಹಾಕಿದ್ದು ಯಾರು ಹೇಳಲಾ?”

“ಹೇಳು, ಹೇಳು. ನೀ ಹೇಳದಿದ್ರೆ ಅವನೇ ಹೇಳ್ತ. ಅವಂಗೆ ಅದೊಂದೇ ಸಾಧನೆ!”

ನಗು, ಕತ್ತಿಯ ಸದ್ದು, ಬೈಗುಳ ಎಲ್ಲ ಮತ್ತೆ ಶುರುವಾಯಿತು. ಮಗಳು ಮಲಗಿದಳು. ಬೆಳಗಿನ ಆರು ಗಂಟೆಯವರೆಗೆ ಅವಳು ಮಗ್ಗುಲು ಬದಲಿಸಿದ್ದೂ ನಾನು ಕಾಣೆ. ಐದು ತಿಂಗಳಲ್ಲಿ ಅವಳ ಮೊದಲ ಪೂರ್ತಿ ನಿದ್ದೆ ಅದು. ಬೆಂಚಿನ ಮೇಲೆ, ಬಸ್ಸಿನಲ್ಲಿ, ಒಲೆಯ ಮುಂದೆ, ಸುತ್ತ ಜನ ಎಚ್ಚರವಿರುವಲ್ಲೆಲ್ಲ ಅವಳಿಗೆ ನಿದ್ದೆ ಬರುತ್ತಿತ್ತು.

ಊರಿಗೆ ಬಂದ ಮಾರನೆಯ ರಾತ್ರಿ ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಮಲಗಿದೆ. ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಾದರ ಸರಿದ ಸದ್ದು. ನನ್ನ ಮೂಗಿನ ಕೆಳಗೆ ಒಂದು ಸಣ್ಣ ಕೈ ಬಂದು ನಿಂತಿತು. ತುಪ್ಪದ ವಾಸನೆಯ ಕೈ. ನಾನು ಉಸಿರು ಬಿಟ್ಟೆ. ಕೈ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಮೂರನೆಯ ಸಲ ನಾನು ಆ ಕೈ ಹಿಡಿದುಕೊಂಡೆ.

“ಎಂತಕ್ಕೆ ತಂಗಿ?” ಎಂದೆ. ಹೆಣ್ಣು ಮಕ್ಕಳನ್ನು ನಮ್ಮಲ್ಲಿ ಕರೆಯುವುದೇ ಹಾಗೆ.

ಅವಳು ಬೆಚ್ಚಿದಳು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.

“ಉಸಿರು ಇದ್ದಾ ನೋಡದು.”

“ದಿನಾ ನೋಡ್ತ್ಯಾ?”

“ಹೂಂ.”

“ಎಂತಕ್ಕೆ?”

“ನಿದ್ದೆಲೇ ಹೋಪದು ಪುಣ್ಯವಂತರು ಹೇಳಿ ಎಲ್ಲರೂ ಹೇಳಿದ. ನೀನೂ ಹೇಳಿದೆ. ನೀನು ಅಷ್ಟೆಲ್ಲ ಜನಕ್ಕೆ ಊಟ ಹಾಕ್ತೆ. ಊಟ ಹಾಕಿದ್ರೆ ಪುಣ್ಯ ಬತ್ತು ಅಲ್ದಾ? ನಿಂಗೆ ಆಯಿಗಿಂತ ಜಾಸ್ತಿ ಪುಣ್ಯ ಇದ್ದು.”

ಹೌದು, ಹೇಳಿದ್ದೆ. ಹದಿಮೂರು ದಿನ ಬಂದವರೆಲ್ಲ ಅದನ್ನೇ ಹೇಳಿದ್ದರು. ನರಳಲಿಲ್ಲ, ಒಬ್ಬರ ಕೈಯಲ್ಲಿ ಮಾಡಿಸಿಕೊಳ್ಳಲಿಲ್ಲ, ನಿದ್ದೆಯಲ್ಲೇ ಹೋದಳು, ಪುಣ್ಯವಂತೆ, ಇಂಥ ಸಾವು ಎಲ್ಲರಿಗೂ ಸಿಗುವುದಿಲ್ಲ. ನಮ್ಮಲ್ಲಿ ಸೂತಕದ ಮನೆಗೆ ಬಂದವರು ಇಂಥದೇನನ್ನಾದರೂ ಹೇಳಲೇಬೇಕು. ಕೇಳಿದವರು ತಲೆ ಆಡಿಸಲೇಬೇಕು. ತಲೆ ಆಡಿಸಿ ಆಡಿಸಿ ಕೊನೆಗೆ ನಾನೂ ಬಂದವರಿಗೆ ಅದನ್ನೇ ಹೇಳತೊಡಗಿದ್ದೆ. ಹೇಳುವಾಗ ಮಗಳು ನನ್ನ ಪಕ್ಕದ ಚಾಪೆಯ ಮೇಲೆ ಕೂತಿರುತ್ತಿದ್ದಳು.

“ಅದು ಪುಣ್ಯ ಅಲ್ಲ ತಂಗಿ. ಆನು ತಪ್ಪು ಹೇಳಿದೆ. ಎಂತ ಹೇಳವು ಗೊತ್ತಾಗದೆ ಹೇಳಿದೆ.”

ಆಮೇಲೆ, “ಆನು ಎಬ್ಬಿಸಿದ್ನಿಲ್ಲೆ,” ಎಂದಳು. “ಗಿರಣಿನೂ ಹಚ್ಚಡಿ ಹೇಳಿದೆ.”

ಆಯಿ ಹೋದದ್ದು ಎರಡು ಗಂಟೆಗೆ, ನೀನು ಎದ್ದದ್ದು ಏಳಕ್ಕೆ, ಎಬ್ಬಿಸಿದ್ದರೂ ಅವಳು ಏಳುತ್ತಿರಲಿಲ್ಲ ಎಂದು ಹೇಳಿದೆ. ಎಷ್ಟು ಸಲ ಹೇಳಿದೆನೋ. ಹೇಳಿದಷ್ಟೂ ಆ ಮಾತು ನನ್ನ ಬಾಯಿಯಲ್ಲಿಯೇ ಒಣಗಿತು. ಮಗಳು ಐದು ತಿಂಗಳಿನಿಂದ ಒಬ್ಬಳೇ ರಾತ್ರಿಯ ಕಾವಲು ಕೂತಿದ್ದಳು. ಅವಳು ಕಾದದ್ದು ನನ್ನನ್ನು. ನಾನು ಅವಳ ಪಕ್ಕದಲ್ಲೇ ಗಾಢವಾಗಿ ಮಲಗಿರುತ್ತಿದ್ದೆ.

ನಮ್ಮ ಕೆಲಸದಲ್ಲಿ ಒಂದು ಕ್ರಮವಿದೆ. ಮದುವೆಯ ಹಿಂದಿನ ರಾತ್ರಿ ಒಲೆಗಳು ಪೂರ್ತಿ ಆರುವುದಿಲ್ಲ, ಒಬ್ಬನಾದರೂ ಎಚ್ಚರವಿರಬೇಕು. ಪಾಳಿ ಮುಗಿದವನು ಮುಂದಿನವನನ್ನು ಎಬ್ಬಿಸಿದರೆ ಸಾಲದು. ಹೂಂ ಎಂದು ಮತ್ತೆ ಮಲಗುವವರೇ ಹೆಚ್ಚು. ಎದ್ದವನು ಮುಖ ತೊಳೆದು, ಯಾವ ಒಲೆಯ ಮೇಲೆ ಏನಿದೆ ಎಂದು ತನ್ನ ಬಾಯಲ್ಲಿ ಹೇಳಿ, ಸೌಟನ್ನು ಕೈಗೆ ತೆಗೆದುಕೊಳ್ಳಬೇಕು. ಸೌಟು ಕೈ ಬದಲಾದ ಮೇಲೆ ಮಲಗುವವನಿಗೆ ಚಿಂತೆಯಿಲ್ಲ. ಆ ಕ್ಷಣದಲ್ಲಿ ಬರುವಂಥ ನಿದ್ದೆ ನನಗೆ ಬೇರೆಲ್ಲಿಯೂ ಬಂದಿಲ್ಲ.

ಅದನ್ನೇ ಮನೆಗೆ ತಂದೆ. ‘ಕಾಯಬೇಡ’ ಎಂದು ಮಗಳಿಗೆ ಹೇಳಲಿಲ್ಲ, ಪಾಳಿ ಹಂಚಿಕೊಳ್ಳೋಣ ಎಂದೆ. ಎಂಟೂವರೆಯಿಂದ ಒಂಬತ್ತೂಕಾಲಿನವರೆಗೆ ಅವಳದು. ನಾನು ಮಲಗಬೇಕು. ಎಷ್ಟು ಸಲ ಬೇಕಾದರೂ ಉಸಿರು ನೋಡಬಹುದು, ಕದ್ದು ನೋಡಬೇಕಾಗಿಲ್ಲ. ಒಂಬತ್ತೂಕಾಲಿಗೆ ನನ್ನನ್ನು ಎಬ್ಬಿಸಬೇಕು. ನಾನು ಮುಖ ತೊಳೆದು ಬಂದು, “ಬಾಗಿಲು ಹಾಕಿದ್ದು, ಗ್ಯಾಸು ಆರಿಸಿದ್ದು, ಆನು ಎಚ್ಚರ ಇದ್ದೆ” ಎಂದು ಹೇಳಿ ಸೌಟು ತೆಗೆದುಕೊಳ್ಳಬೇಕು. ಆಮೇಲೆ ಅವಳು ಮಲಗುವುದು.

ಮಗಳು ಎಲ್ಲವನ್ನೂ ಕೇಳಿಕೊಂಡು, “ನೀನು ಮಲಗಿದ ಮೇಲೆ ಯಾರು?” ಎಂದಳು.

“ಎದುರಿನ ಬೇಕರಿಯವರು ರಾತ್ರಿ ಎರಡಕ್ಕೆ ಭಟ್ಟಿ ಹಚ್ಚುತ್ತ. ಅಲ್ಲಿಂದ ಅವರ ಪಾಳಿ.”

ಮಾರನೆಯ ಬೆಳಿಗ್ಗೆ ಬೇಕರಿಯ ಮುಂದೆ ನಿಂತು ಕೇಳಿಯೇ ಬಿಟ್ಟಳು. ಬೇಕರಿಯ ಯಜಮಾನರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ನಗಲಿಲ್ಲ. “ಹೌದಮ್ಮ, ಎರಡರಿಂದ ಬೆಳಗಿನ ತನಕ ನಮ್ಮದೇ ಡ್ಯೂಟಿ. ನಿಶ್ಚಿಂತೆಯಿಂದ ಮಲಗು,” ಎಂದು ಒಂದು ಖಾರಾ ಬಿಸ್ಕತ್ತನ್ನೂ ಕೊಟ್ಟರು.

ಮೊದಲ ರಾತ್ರಿಗಳಲ್ಲಿ ಅವಳು ಪಾಳಿ ಒಪ್ಪಿಸಿದ ಮೇಲೂ ನಡುನಡುವೆ ತಲೆಯೆತ್ತಿ ನೋಡುತ್ತಿದ್ದಳು. ನಾನು ಅಡುಗೆ ಕೋಣೆಯ ದೀಪ ಹಚ್ಚಿಟ್ಟೆ. ಕತ್ತಲೆ, ಮೌನ ಎಂದು ಡಾಕ್ಟರು ಬರೆದದ್ದನ್ನು ಬಿಟ್ಟು, ಉಳಿದದ್ದೆಲ್ಲ ಹಾಗೆಯೇ ಇಟ್ಟುಕೊಂಡೆ. ಅವಳಿಗೆ ಕೇಳುವಂತೆ ಕೆಲಸ ಮಾಡಿದೆ. ಏಲಕ್ಕಿ ಬಿಡಿಸಿದೆ, ಮೆಣಸು ಕುಟ್ಟಿದೆ, ಡಬ್ಬಗಳನ್ನು ಒರೆಸಿ ಜೋಡಿಸಿದೆ. ಹೆಂಡತಿ ಚೀಟಿ ಅಂಟಿಸಿದ್ದ ಡಬ್ಬಗಳು. ‘ಹಳೇ ಸಾಸಿವೆ, ಮೊದಲು ಖರ್ಚು ಮಾಡುವುದು’ ಎಂದು ಒಂದರ ಮೇಲೆ ಬರೆದಿದ್ದಳು. ಆ ಡಬ್ಬವನ್ನು ಒರೆಸಿದ ರಾತ್ರಿ, ಆರು ತಿಂಗಳಲ್ಲಿ ಮೊದಲ ಸಲ, ನಾನು ಬಾಯಿಗೆ ಪಂಚೆಯ ತುದಿ ಒತ್ತಿಕೊಂಡು ಅತ್ತೆ. ಮಗಳು ಏಳಲಿಲ್ಲ. ಅಷ್ಟು ನಿದ್ದೆ ಬಂದಿತ್ತು ಅವಳಿಗೆ.

ಹೀಗೆ ಒಂದು ತಿಂಗಳಾಯಿತು. ಟೀಚರ ಪುಸ್ತಕದಲ್ಲಿ ಬರಹ ನಿಂತಿದೆ. ಆದರೆ ರಾತ್ರಿ ಎರಡರವರೆಗೆ ಮನೆಯಲ್ಲಿ ಎಚ್ಚರವಿರಬೇಕಾದವನು ಮದುವೆಯ ಅಡುಗೆ ಹಿಡಿಯಲಾಗುವುದಿಲ್ಲ. ತುಳಸಿ ಮದುವೆ ಮೊನ್ನೆ ಕಳೆಯಿತು. ಹಾಗಾಗಿ ಇವತ್ತು ಕೊಪ್ಪರಿಗೆಗಳು ನನ್ನ ಜೊತೆಗಾರನ ಕೈಗೆ ಹೋದವು. ಮುಂದಿನ ವಾರದಿಂದ ಪೇಟೆಯ ಒಂದು ಖಾನಾವಳಿಯಲ್ಲಿ ನನಗೆ ಹಗಲಿನ ಅಡುಗೆ.

ಮಧ್ಯಾಹ್ನ ಇದನ್ನು ಹೇಳಿದಾಗ ಅತ್ತಿಗೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಸಾವಿರ ಜನಕ್ಕೆ ಬಡಿಸಿದ ಯಜಮಾನ ಖಾನಾವಳಿಲಿ ಚಪಾತಿ ತಟ್ಟದಾ?”

“ಚಪಾತಿ ಲಟ್ಟಿಸದು ಅತ್ತಿಗೆ. ತಟ್ಟದು ರೊಟ್ಟಿ.”

“ಕುಶಾಲು ಬೇಡ. ಕೂಸಿಗೋಸ್ಕರ ನಿಂಗ ಕೆಲಸ ಬಿಟ್ರೆ, ನಾಳೆ ಅದಕ್ಕೇ ಭಾರ ಆಗ್ತು. ಯಂಗೆ ಕೊಡಿ. ಆನು ನೋಡ್ಕತ್ತೆ.”

“ಕೂಸು ಮಲಗ್ತಾ ಇದ್ದು ಅತ್ತಿಗೆ. ಗಡುವಿನ ಒಳಗೇ.”

ಅವರ ಮುಖ ಗಟ್ಟಿಯಾಯಿತು, ಆಮೇಲೆ ಸಡಿಲವಾಯಿತು. ಬ್ಯಾಗನ್ನು ಮಡಿಸಿದರು, ಮತ್ತೆ ಬಿಡಿಸಿದರು, ಮತ್ತೆ ಮಡಿಸಿದರು. ಶಾಲೆಯಿಂದ ಬಂದ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದುದು ನನಗೆ ಕಾಣುತ್ತಿತ್ತು, ಅವರಿಗೆ ಕಾಣುತ್ತಿರಲಿಲ್ಲ.

“ಆ ದಿನ ರಾತ್ರಿ ತಂಗಿ ಯಂಗೆ ಫೋನು ಮಾಡಿತ್ತು,” ಎಂದರು. “ಭುಜ ನೋವು, ಸುಸ್ತು ಹೇಳ್ತು. ಆನು ಎಂತ ಹೇಳಿದೆ ಗೊತ್ತಿದ್ದಾ ಭಾವ? ‘ಬೇಗ ಮನಿಕ್ಯ, ಒಂದು ನಿದ್ದೆ ಮಾಡಿದ್ರೆ ಸಮಾ ಆಗ್ತು’ ಹೇಳಿದೆ. ತಂಗಿ ಯನ್ನ ಮಾತು ಯಾವತ್ತೂ ಕೇಳಿದ್ದಲ್ಲ. ಅವತ್ತೊಂದು ದಿನ ಕೇಳ್ತು.”

ಇಂಥಲ್ಲಿ ಹೇಳುವ ಮಾತುಗಳ ಬಗ್ಗೆ ನನಗೆ ಭಯ ಬಂದಿದೆ.

“ಯಂಗೆ ಅವತ್ತಿಂದ ನಿದ್ದೆ ಇಲ್ಲೆ. ಕೂಸು ಮನೆಲ್ಲಿ ಇದ್ರಾದ್ರೂ ಬತ್ತೇನ ಅಂದ್ಕಂಡೆ,” ಎಂದು ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಮಗಳು ಒಳಗೆ ಬಂದು ತನ್ನ ದೊಡ್ಡಾಯಿಯ, ಅಂದರೆ ಅತ್ತಿಗೆಯ, ಪಕ್ಕದಲ್ಲಿ ಕೂತಳು. ಪಾಟಿಚೀಲವನ್ನು ಬೆನ್ನಿನಿಂದ ತೆಗೆಯದೆಯೇ ಕೂತಳು. ನಾನು ಹೊರಗೆ ಹೋಗಿ ಚಾದರಗಳನ್ನು ಮಡಿಸಿ ತಂದೆ. ಅಷ್ಟರಲ್ಲಿ ಅವರಿಬ್ಬರ ನಡುವೆ ಏನೋ ತೀರ್ಮಾನವಾಗಿತ್ತು. ಅತ್ತಿಗೆ ನಾಳೆ ಒಬ್ಬರೇ ವಾಪಸು ಹೋಗುತ್ತಾರೆ. ಇವತ್ತು ರಾತ್ರಿಯ ಮೊದಲ ಪಾಳಿ ಎಂಟೂವರೆಗಲ್ಲ, ಎಂಟಕ್ಕೆ. ಮಗಳು ಉಸಿರು ನೋಡಿ ಕಾಯಬೇಕಾದವರು ಒಬ್ಬರು ಹೆಚ್ಚಿದ್ದಾರಲ್ಲ.

“ದೊಡ್ಡಾಯಿ, ನೀನು ಮನಿಕ್ಯ. ಆನು ಇಲ್ಲೇ ಇದ್ದೆ. ಎಂತಾದ್ರೂ ಆದ್ರೆ ಎಬ್ಬಿಸ್ತೆ,” ಎಂದಳು ಮಗಳು. “ಈ ಸರ್ತಿ ಖಂಡಿತ ಎಬ್ಬಿಸ್ತೆ.”

ಅತ್ತಿಗೆ ನನ್ನ ಕಡೆ ನೋಡಿದರು. ನಾನು ಒಲೆಯ ಕಡೆ ತಿರುಗಿದೆ.

ರಾತ್ರಿ ಊಟಕ್ಕೆ ಅನ್ನ, ಬೇಳೆ ಸಾರು, ಬದನೆಕಾಯಿ ಸುಟ್ಟು ಮಾಡಿದ ಗೊಜ್ಜು, ಮಜ್ಜಿಗೆ. ಅತ್ತಿಗೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. ಮಗಳು ಗೊಜ್ಜಿಗೆ ಮೂರು ಸಲ ಕೈ ಚಾಚಿದಳು. ನಾನು ಕೊನೆಗೆ ಉಳಿದ ಸಾರನ್ನು ಅನ್ನಕ್ಕೆ ಸುರಿದುಕೊಂಡು ಉಂಡೆ. ಮೊದಲು ನಿದ್ದೆ ಹೋದವರು ಅತ್ತಿಗೆ, ಎಂಟೂ ನಲವತ್ತಕ್ಕೆ, ಗೋಡೆಯ ಕಡೆ ಮುಖ ಮಾಡಿ. ಮಗಳು ಎರಡು ಸಲ ಅವರ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು. ಒಂಬತ್ತೂಕಾಲಿಗೆ ಪಾಳಿಯನ್ನು ನನಗೆ ಒಪ್ಪಿಸಿ, ದೊಡ್ಡಾಯಿಯ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದಳು.